ಭೂತಕ್ಕೆ ಎರಡು ಅರ್ಥ: ಗಾಥಿಕ್ ಬಗ್ಗೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತು ವರ್ಷದಿಂದ ನನಗೆ ಈ ಹುಚ್ಚು. ಮದುವೆಮನೆಯ ಪಂಕ್ತಿಯಲ್ಲಿ, ರೈಲಿನಲ್ಲಿ ಪಕ್ಕದವರು ನನ್ನ ಪುಸ್ತಕದ ಮುಖಪುಟ ಕಂಡಾಗ, ಗೆಳೆಯರ ಪತ್ರಗಳಲ್ಲಿ ತಿರುಗಿ ತಿರುಗಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಜಗಳ ಹತ್ತುವಂಥದ್ದು ಆಮೇಲೆ.

## ಹೊಸ್ತಿಲಲ್ಲಿ

ಗಾಥಿಕ್ ಗಾಥಿಕ್ ಅಂತೀರಲ್ಲ, ಅದೇನು ಚರ್ಚಿನ ಕಟ್ಟಡಾನಾ, ಕಪ್ಪು ಬಟ್ಟೇನಾ, ದೆವ್ವದ ಕಥೇನಾ?

ಮೂರೂ ಹೌದು. ಒಂದೇ ಪದ ಮೂರು ಸಲ ಮರುಹುಟ್ಟು ಪಡೆದಿದೆ, ಅಷ್ಟೆ.

ಗಾಥರು ಮೊದಲಿಗೆ ಒಂದು ಜನಾಂಗ. ಕ್ರಿ.ಶ. 410ರಲ್ಲಿ ರೋಮ್ ನಗರವನ್ನು ಸೂರೆ ಮಾಡಿದವರು. ಸಾವಿರ ವರ್ಷ ಕಳೆದ ಮೇಲೆ ಇಟಲಿಯ ನವೋದಯದ ಪಂಡಿತರಿಗೆ ಚೂಪು ಕಮಾನಿನ ಹಳೇ ಚರ್ಚುಗಳು ಕಣ್ಣಿಗೆ ಚುಚ್ಚಿದವು. ನಾವು 'ಕಾಡುಮನುಷ್ಯರ ಕೆಲಸ' ಅನ್ನುವ ಧಾಟಿಯಲ್ಲಿ ಅವರು 'ಗಾಥರ ಕೆಲಸ' ಎಂದು ಬೈದರು. ನಿಜಕ್ಕೂ ಆ ಶೈಲಿ ಮೊಳೆತದ್ದು 12ನೇ ಶತಮಾನದಲ್ಲಿ, ಪ್ಯಾರಿಸ್ ಪಕ್ಕದ ಸೇಂಟ್ ಡೆನಿಯಲ್ಲಿ. ಗಾಥರಿಗೂ ಅದಕ್ಕೂ ಸಂಬಂಧವಿಲ್ಲ. ಬೈಗುಳವೇ ಹೆಸರಾಗಿ ನಿಂತಿತು. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿನ ಎರಡು ಗೋಪುರಗಳನ್ನು ತಲೆಯೆತ್ತಿ ನೋಡಿದವರಿಗೆ ಆ ಶೈಲಿಯ ಪರಿಚಯ ಇದ್ದೇ ಇದೆ.

ಎರಡನೇ ಹುಟ್ಟು 1764ರ ಡಿಸೆಂಬರಿನಲ್ಲಿ. ಹೊರೇಸ್ ವಾಲ್‌ಪೋಲ್ ಎಂಬ ಇಂಗ್ಲಿಷ್ ಸಿರಿವಂತ ಥೇಮ್ಸ್ ನದಿಯ ಹತ್ತಿರ ಸ್ಟ್ರಾಬೆರಿ ಹಿಲ್ ಎಂಬ ಮನೆಯನ್ನು ಆಟಿಕೆಯ ಕೋಟೆಯ ಹಾಗೆ ಕಟ್ಟಿಸಿಕೊಂಡಿದ್ದ. ಅಲ್ಲಿ ಮಲಗಿದ್ದಾಗ, ದೊಡ್ಡ ಮೆಟ್ಟಿಲಿನ ಕಟಕಟೆಯ ಮೇಲೆ ಕಬ್ಬಿಣದ ಕವಚ ತೊಟ್ಟ ದೈತ್ಯ ಕೈಯೊಂದು ಕೂತಿರುವ ಕನಸು ಬಿತ್ತು. ಎದ್ದವನು ಕಥೆ ಬರೆದ. 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಹಳೇ ಇಟಾಲಿಯನ್ ಪುಸ್ತಕದ ಅನುವಾದ ಎಂದು ಸುಳ್ಳು ಹೇಳಿ ಅಚ್ಚು ಹಾಕಿಸಿದ. ಜನ ಮೆಚ್ಚಿದ ಮೇಲೆ ಎರಡನೇ ಮುದ್ರಣದಲ್ಲಿ 'ನಾನೇ ಬರೆದದ್ದು' ಎಂದು ಒಪ್ಪಿಕೊಂಡು ಹೆಸರಿನ ಕೆಳಗೆ 'ಗಾಥಿಕ್ ಕಥೆ' ಎಂದು ಸೇರಿಸಿದ. ಮೂರನೆಯ ಹುಟ್ಟು 1970ರ ದಶಕದ ಕೊನೆಯಲ್ಲಿ, ಸಂಗೀತದಿಂದ. ಅದು ಮುಂದೆ ಬರುತ್ತದೆ.

ಗಾಥಿಕ್ಕೂ ಹಾರರ್ರೂ ಒಂದೇ ಅಲ್ವಾ?

ನೆಂಟರು, ಒಂದೇ ಮನೆಯವರಲ್ಲ. ಈ ವ್ಯತ್ಯಾಸ ಕನ್ನಡದವರಿಗೆ ಬೇಗ ಹಿಡಿಯುತ್ತದೆ, ಯಾಕೆಂದರೆ ನಮ್ಮ ರಸಗಳ ಪಟ್ಟಿಯಲ್ಲಿ ಭಯಾನಕ ಬೇರೆ, ಬೀಭತ್ಸ ಬೇರೆ. ಒಂದಕ್ಕೆ ಸ್ಥಾಯಿ ಭಾವ ಭಯ, ಇನ್ನೊಂದಕ್ಕೆ ಜುಗುಪ್ಸೆ. ಮುಚ್ಚಿದ ಬಾಗಿಲಿನಾಚೆ ಯಾರೋ ಉಸಿರಾಡುತ್ತಿದ್ದಾರೆ ಎನ್ನುವುದು ಮೊದಲನೆಯದು. ಬಾಗಿಲು ತೆರೆದು ರಕ್ತ ತೋರಿಸುವುದು ಎರಡನೆಯದು. ಗಾಥಿಕ್ ಕಾದಂಬರಿಯ ಮಹಾರಾಣಿ ಆನ್ ರ‍್ಯಾಡ್‌ಕ್ಲಿಫ್ ಇದೇ ಮಾತನ್ನು ಬೇರೆ ದಾರಿಯಲ್ಲಿ ಹೇಳಿದ್ದಳು. ಅವಳು ತೀರಿಕೊಂಡ ಮೇಲೆ 1826ರಲ್ಲಿ ಅಚ್ಚಾದ ಬರಹದಲ್ಲಿ ಒಂದು ಬಗೆಯ ಹೆದರಿಕೆ ಆತ್ಮವನ್ನು ಅರಳಿಸುತ್ತದೆ, ಇನ್ನೊಂದು ಮುದುಡಿಸಿ ಹೆಪ್ಪುಗಟ್ಟಿಸುತ್ತದೆ ಎಂಬ ವಾದವಿದೆ.

ನನ್ನ ಲೆಕ್ಕದಲ್ಲಿ ಇನ್ನೂ ಒಂದು ಗುರುತಿದೆ. ಕನ್ನಡದಲ್ಲಿ ಭೂತ ಎಂದರೆ ದೆವ್ವವೂ ಹೌದು, ಕಳೆದುಹೋದ ಕಾಲವೂ ಹೌದು. ಗಾಥಿಕ್ ಕಥೆಯಲ್ಲಿ ಈ ಎರಡು ಅರ್ಥಗಳೂ ಒಂದೇ ಆಗಿರುತ್ತವೆ. ಬರುವ ದೆವ್ವ ಎಲ್ಲಿಂದಲೋ ಬಂದ ದೆವ್ವವಲ್ಲ, ಮನೆಯ ಹಿರಿಯರು ತೀರಿಸದೆ ಹೋದ ಯಾವುದೋ ಬಾಕಿ. ಹಾರರ್‌ಗೆ ಅಂಥ ಹಂಗಿಲ್ಲ, ಸಮುದ್ರದಿಂದ ಎದ್ದ ಶಾರ್ಕ್ ಕೂಡ ಸಾಕು.

ನಿಮಗೆ ದೆವ್ವದಲ್ಲಿ ನಂಬಿಕೆ ಇದೆಯಾ?

ಇಲ್ಲ. ಹೆದರಿಕೆ ಇದೆ.

ಇಂಥದ್ದೆಲ್ಲ ಮನೇಲಿ ಓದಿದ್ರೆ ಒಳ್ಳೇದಾಗಲ್ಲ ಅಂತ ಅಮ್ಮ ಬೈತಾರೆ. ಏನು ಹೇಳ್ಲಿ?

ಎದುರು ಮಾತಾಡಬೇಡಿ, ಗೆಲ್ಲುವುದಿಲ್ಲ. ನಮ್ಮ ಮನೆಯಲ್ಲಿ ನಾನು ಒಮ್ಮೆ ಗರುಡ ಪುರಾಣದ ಮಾತು ತೆಗೆದಿದ್ದೆ. ಕುದಿಯುವ ಎಣ್ಣೆ, ವೈತರಣಿ ನದಿ, ಪಾಪಿಗಳನ್ನು ಕಿತ್ತು ತಿನ್ನುವ ಹಕ್ಕಿಗಳು ಎಲ್ಲವೂ ಅದರಲ್ಲಿವೆ, ಅದನ್ನು ಸೂತಕದ ಮನೆಯಲ್ಲಿ ಕೂತು ಓದುತ್ತೇವಲ್ಲ ಎಂದೆ. 'ಅದಕ್ಕೇ ಬೇರೆ ದಿನ ಅದನ್ನು ಮನೆಯಲ್ಲಿ ಇಡಬಾರದು ಅನ್ನೋದು' ಎಂದು ಅಮ್ಮ ಒಂದೇ ಏಟಿಗೆ ಮುಗಿಸಿದರು. ಪುಸ್ತಕಗಳು ಈಗ ಅಟ್ಟದ ಮೇಲಿವೆ. ಆ ಬಗೆಯ ಪುಸ್ತಕಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇರಲಾರದು.

## ಓದುವವರಿಗೆ

ಒಂದೇ ಒಂದು ಪುಸ್ತಕ ಹೇಳಿ. ಎಲ್ಲಿಂದ ಶುರು ಮಾಡ್ಲಿ?

'ಕಾರ್ಮಿಲ್ಲಾ'. ಐರ್ಲೆಂಡಿನ ಶೆರಿಡನ್ ಲೆ ಫಾನು 1871-72ರಲ್ಲಿ ಕಂತುಗಳಲ್ಲಿ ಬರೆದದ್ದು, ಒಂದು ಭಾನುವಾರದಲ್ಲಿ ಓದಿ ಮುಗಿಸಬಹುದು. ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದ ಒಂಟಿ ಕೋಟೆ. ಅಲ್ಲಿ ಅಪ್ಪನ ಜೊತೆ ಬೇಸರದಲ್ಲಿ ದಿನ ಕಳೆಯುವ ಹುಡುಗಿ. ಒಂದು ಸಂಜೆ ಗಾಡಿ ಮಗುಚಿ ಬಿದ್ದು, ಅದರಲ್ಲಿದ್ದ ಚೆಂದದ ಹುಡುಗಿ ಅತಿಥಿಯಾಗಿ ಉಳಿದುಕೊಳ್ಳುತ್ತಾಳೆ. ಅತಿಥಿ ಮಧ್ಯಾಹ್ನದವರೆಗೆ ಏಳುವುದಿಲ್ಲ, ಊಟ ಮಾಡುವುದೂ ಕಾಣೆ. ಇಷ್ಟು ಕೇಳಿದ ಮೇಲೆ ಉಳಿದದ್ದನ್ನು ನೀವೇ ಊಹಿಸಬಲ್ಲಿರಿ, ಆದರೂ ಪುಸ್ತಕ ಬಿಡುವುದಿಲ್ಲ. ಡ್ರಾಕುಲಾ ಬಂದದ್ದು ಇದಾಗಿ ಕಾಲು ಶತಮಾನ ಕಳೆದ ಮೇಲೆ.

ಒಟ್ರಾಂಟೊದಿಂದ ಮಾತ್ರ ಶುರು ಮಾಡಬೇಡಿ. ಮೊದಲ ಪುಟಗಳಲ್ಲೇ ಮದುಮಗನ ಮೇಲೆ ಆನೆಗಾತ್ರದ ಶಿರಸ್ತ್ರಾಣ ಬಿದ್ದು ಅವನು ಜಜ್ಜಿಹೋಗುತ್ತಾನೆ. ಇವತ್ತಿನ ಓದುಗನಿಗೆ ಹೆದರಿಕೆಯ ಬದಲು ನಗು ಬರುತ್ತದೆ. ಮೂಲಪುರುಷ ಎಂದು ಗೌರವ ಇಟ್ಟುಕೊಂಡು ಹತ್ತನೇ ಪುಸ್ತಕವಾಗಿ ಓದಿ.

ಡ್ರಾಕುಲಾ ಸಿನಿಮಾ ಎಲ್ಲಾ ನೋಡಿಬಿಟ್ಟಿದೀನಿ. ಪುಸ್ತಕ ಓದ್ಲೇಬೇಕಾ?

ಓದಲೇಬೇಕು, ಯಾಕೆಂದರೆ ನೀವು ಸಿನಿಮಾದಲ್ಲಿ ನೋಡಿದ ಎಷ್ಟೋ ಸಂಗತಿಗಳು ಪುಸ್ತಕದಲ್ಲಿ ಇಲ್ಲ. ಬ್ರಾಮ್ ಸ್ಟೋಕರನ ಡ್ರಾಕುಲಾ ಬಿಸಿಲಿಗೆ ಸುಟ್ಟು ಬೂದಿಯಾಗುವುದಿಲ್ಲ. ಹಗಲಲ್ಲಿ ಅವನ ಶಕ್ತಿ ಕುಂದುತ್ತದೆ ಅಷ್ಟೆ, ಲಂಡನ್ನಿನ ಬೀದಿಯಲ್ಲಿ ಹಗಲಲ್ಲೇ ಓಡಾಡುತ್ತಾನೆ. ಬಿಸಿಲು ಅವನನ್ನು ಕೊಲ್ಲುವುದು 1922ರ 'ನೊಸ್ಫೆರಾಟು' ಎಂಬ ಜರ್ಮನ್ ಮೂಕಿ ಚಿತ್ರದಿಂದ ಬಂದದ್ದು. ಆ ಚಿತ್ರವನ್ನು ಅನುಮತಿಯಿಲ್ಲದೆ ತೆಗೆದಿದ್ದರು. ಸ್ಟೋಕರನ ವಿಧವೆ ಮೊಕದ್ದಮೆ ಹೂಡಿದಳು, ಎಲ್ಲ ಪ್ರತಿಗಳನ್ನೂ ನಾಶ ಮಾಡಬೇಕೆಂದು ಕೋರ್ಟು ಹೇಳಿತು. ಕೆಲವು ಪ್ರತಿಗಳು ಹೇಗೋ ಉಳಿದುಕೊಂಡವು. ಸತ್ತರೂ ಸಾಯದವನ ಸಿನಿಮಾಕ್ಕೆ ತಕ್ಕ ಹಣೆಬರಹ.

ಇನ್ನು ಪುಸ್ತಕದ ಕೊನೆಯಲ್ಲಿ ಅವನನ್ನು ಕೊಲ್ಲುವುದು ಮರದ ಗೂಟವಲ್ಲ. ಒಬ್ಬ ಅಮೆರಿಕದವನ ಬೋವಿ ಚಾಕು ಎದೆಗೆ ಇಳಿಯುತ್ತದೆ, ಇನ್ನೊಬ್ಬನ ಕುಕ್ರಿ ಕುತ್ತಿಗೆ ಸೀಳುತ್ತದೆ. ಹೌದು, ಗೂರ್ಖಾಗಳ ಕುಕ್ರಿ! 1897ರ ಇಂಗ್ಲಿಷ್ ವಕೀಲನ ಕೈಗೆ ಅದು ಹೇಗೆ ಬಂತು ಎನ್ನುವುದು ಸಾಮ್ರಾಜ್ಯದ ಕಥೆ. ಇಡೀ ಕಾದಂಬರಿ ದಿನಚರಿ, ಪತ್ರ, ತಂತಿ, ಪತ್ರಿಕೆಯ ತುಣುಕುಗಳಲ್ಲಿ ನಡೆಯುತ್ತದೆ. ಶೀಘ್ರಲಿಪಿ, ಟೈಪ್‌ರೈಟರ್, ಫೋನೋಗ್ರಾಫ್ ಎಲ್ಲ ಹೊಸ ಯಂತ್ರಗಳೂ ಸೇರಿ ಒಂದು ಹಳೇ ದೆವ್ವವನ್ನು ಬೆನ್ನಟ್ಟುತ್ತವೆ. ಅದನ್ನು ಬರೆದವನು ಲಂಡನ್ನಿನ ಲೈಸಿಯಂ ರಂಗಮಂದಿರದ ವ್ಯವಸ್ಥಾಪಕ. ಟ್ರಾನ್ಸಿಲ್ವೇನಿಯಾಕ್ಕೆ ಕಾಲಿಟ್ಟವನೇ ಅಲ್ಲ.

ಫ್ರಾಂಕೆನ್‌ಸ್ಟೈನ್ ಅಂದ್ರೆ ಆ ಹೊಲಿಗೆ ಹಾಕಿದ ಮುಖದ ರಾಕ್ಷಸ ತಾನೇ?

ಅಲ್ಲ, ಅವನನ್ನು ಮಾಡಿದ ವಿದ್ಯಾರ್ಥಿಯ ಹೆಸರು ಅದು. ಮಾಡಿದವನು ಹೆಸರನ್ನೂ ಇಡದೆ ಓಡಿಹೋದ, ಇಡೀ ದುರಂತ ಹುಟ್ಟುವುದೇ ಅಲ್ಲಿ. ಸಿನಿಮಾದಲ್ಲಿ ಗೊರಗೊರ ಅನ್ನುವ ಆ ಜೀವ ಪುಸ್ತಕದಲ್ಲಿ ಮಿಲ್ಟನ್ ಮತ್ತು ಪ್ಲುಟಾರ್ಕನನ್ನು ಓದುತ್ತದೆ, ವಕೀಲನ ಹಾಗೆ ವಾದ ಮಾಡುತ್ತದೆ.

ಹುಟ್ಟಿದ ಕಥೆಯೂ ಸೊಗಸು. 1815ರ ಏಪ್ರಿಲಿನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು ಆಕಾಶಕ್ಕೇರಿ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ಬಾಡಿಗೆ ಬಂಗಲೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಕವಿ ಬೈರನ್ ಮತ್ತು ಅವನ ಅತಿಥಿಗಳು ಹೊತ್ತು ಹೋಗದೆ ತಲಾ ಒಂದು ದೆವ್ವದ ಕಥೆ ಬರೆಯೋಣ ಎಂದರು. ಆ ಅತಿಥಿಗಳಲ್ಲಿ ಒಬ್ಬಳು ಈ ಕಾದಂಬರಿ ಬರೆದ ಮೇರಿ ಶೆಲ್ಲಿ, ಆಗ ಅವಳಿಗೆ 18 ವರ್ಷ. ಕಾದಂಬರಿ 1818ರ ಜನವರಿಯಲ್ಲಿ ಬಂತು, ಲೇಖಕಿಯ ಹೆಸರಿಲ್ಲದೆ, ಬರೀ 500 ಪ್ರತಿ. ಅದೇ ಬಂಗಲೆಯಲ್ಲಿದ್ದ ವೈದ್ಯ ಪೊಲಿಡೊರಿ ಬರೆದ 'ದಿ ವ್ಯಾಂಪೈರ್' ಮರುವರ್ಷ ಬಂತು. ರಕ್ತ ಹೀರುವವನನ್ನು ಶ್ರೀಮಂತ ಕುಲೀನನನ್ನಾಗಿ ಮಾಡಿದ್ದು ಅವನೇ.

ಕನ್ನಡದಲ್ಲಿ ಇಂಥದ್ದು ಇದೆಯಾ?

ಗಾಥಿಕ್ ಎಂಬ ಹಣೆಪಟ್ಟಿಯಲ್ಲಿ ಕಡಿಮೆ. ಆದರೆ 13ನೇ ಶತಮಾನದ ಆರಂಭದ ಜನ್ನನ 'ಯಶೋಧರ ಚರಿತೆ'ಯನ್ನು ತೆಗೆದುಕೊಳ್ಳಿ. ಚಂಡಮಾರಿಯ ಗುಡಿ, ನರಬಲಿಗೆಂದು ಹಿಡಿದು ತಂದ ಎಳೆಯ ಅಣ್ಣ ತಂಗಿ. ಬಲಿಪೀಠದೆದುರು ನಿಂತು ಅವರು ತಮ್ಮ ಹಿಂದಿನ ಜನ್ಮಗಳನ್ನು ಹೇಳತೊಡಗುತ್ತಾರೆ. ರಾಣಿ ಅಮೃತಮತಿ ಕುರೂಪಿ ಮಾವುತನ ಹಾಡಿಗೆ ಮನಸೋತದ್ದು, ಕೆಟ್ಟ ಕನಸಿನ ಶಾಂತಿಗೆಂದು ಅಮ್ಮನ ಮಾತಿಗೆ ಕಟ್ಟುಬಿದ್ದು ರಾಜ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದು. ಕತ್ತಿ ತಾಗಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಕೂಗು ಕೇಳಿಸಿದ ಮೇಲೆ ಒಟ್ರಾಂಟೊದ ಶಿರಸ್ತ್ರಾಣ ತಗಡಿನ ಡಬ್ಬಿಯಂತೆ ಕಾಣುತ್ತದೆ. ಹಿಂದೆ ಮಾಡಿದ್ದು ಜನ್ಮ ಜನ್ಮಕ್ಕೂ ಬೆನ್ನಟ್ಟಿ ಬರುವುದು, ನಾನು ಮೊದಲು ಹೇಳಿದ ಭೂತದ ಎರಡೂ ಅರ್ಥಗಳು ಅಲ್ಲಿವೆ.

ಬಾಯಿಮಾತಿನಲ್ಲಿ ಬಂದದ್ದು ಇನ್ನೂ ಇದೆ. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದದ್ದು ನಿಮಗೂ ನೆನಪಿರಬಹುದು. ರಾತ್ರಿ ಬಂದು ಗುರುತಿನವರ ದನಿಯಲ್ಲಿ ಕೂಗುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಸಾಲ ವಸೂಲಿಗೆ ಬಂದವನಿಗೆ ಹೇಳುವ ಮಾತನ್ನೇ ದೆವ್ವಕ್ಕೂ ಹೇಳಿದ ಊರು ನಮ್ಮದು. ಅಷ್ಟು ವಿಧೇಯವಾದ, ಅಕ್ಷರ ಬಲ್ಲ ದೆವ್ವ ಇಂಗ್ಲೆಂಡಿನಲ್ಲಿ ನನಗೆ ಸಿಕ್ಕಿಲ್ಲ.

ಒಂದು ಮಾತು. ತುಳುನಾಡಿನ ಭೂತಗಳನ್ನು ಈ ಪಟ್ಟಿಗೆ ಸೇರಿಸಬೇಡಿ. ಅವು ದೈವಗಳು, ನಂಬಿದವರ ಮನೆಯ ನ್ಯಾಯ ತೀರಿಸುವವರು. ಹೆಸರೊಂದೇ ಎಂದು ಹಾರರ್ ಸಾಮಾನು ಮಾಡಿಕೊಂಡರೆ ಅದು ಬರೀ ಅಜ್ಞಾನ.

ಗಾಥಿಕ್ ಪಾಳುಕಟ್ಟಡ ನೋಡೋಕೆ ಇಂಗ್ಲೆಂಡಿಗೇ ಹೋಗ್ಬೇಕಾ?

ಬೇಡ, ಹಾಸನ ಸಾಕು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ಚರ್ಚು ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದಿದೆ. ಮಳೆ ಚೆನ್ನಾಗಿ ಆದ ವರ್ಷ ಅರ್ಧಕ್ಕೂ ಹೆಚ್ಚು ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಎದ್ದು ನಿಲ್ಲುತ್ತದೆ. ನಾನು ಎರಡು ಕಾಲದಲ್ಲೂ ಹೋಗಿದ್ದೇನೆ. ನೀರಿದ್ದಾಗ ಚೆಂದ, ನೀರಿಳಿದು ಕಮಾನುಗಳ ಮೇಲೆ ಕೆಸರಿನ ಗೆರೆ ಉಳಿದಾಗ ಇನ್ನೂ ಚೆಂದ. ಗೋಡೆ ಹತ್ತಬೇಡಿ, ಗಾರೆ ಉದುರುತ್ತಿದೆ.

## ಕಪ್ಪು ಬಟ್ಟೆ, ಕಾಡಿಗೆ, ಹಾಡು

ಈ ಗಾಥ್ ಹುಡುಗರು ಹುಡುಗಿಯರು ಯಾಕೆ ಯಾವಾಗ್ಲೂ ಕಪ್ಪು ಹಾಕ್ತಾರೆ?

ಇದು ಸಂಗೀತದಿಂದ ಶುರುವಾದ ಪಂಗಡ. ಇಂಗ್ಲೆಂಡಿನಲ್ಲಿ ಪಂಕ್ ಸಂಗೀತದ ಅಬ್ಬರ ತಗ್ಗುತ್ತಿದ್ದ ಹೊತ್ತು, 1979ರಲ್ಲಿ ಬೌಹೌಸ್ ಎಂಬ ತಂಡ ಒಂಬತ್ತು ನಿಮಿಷಕ್ಕೂ ಉದ್ದದ ಹಾಡೊಂದನ್ನು ತಂದಿತು. ಹಾಡಿನ ಹೆಸರಿನಲ್ಲೇ ಬೆಲಾ ಲುಗೋಸಿ ಸತ್ತ ಸುದ್ದಿಯಿದೆ. ಲುಗೋಸಿ ಎಂದರೆ 1931ರ ಸಿನಿಮಾದಲ್ಲಿ ಡ್ರಾಕುಲಾ ಆಗಿದ್ದ ನಟ. ಹೀಗೆ ಕಾದಂಬರಿಯಿಂದ ಸಿನಿಮಾ, ಸಿನಿಮಾದಿಂದ ಹಾಡು, ಹಾಡಿನಿಂದ ಉಡುಪು. ಸೂಕ್ಸಿ ಆಂಡ್ ದ ಬ್ಯಾನ್ಶೀಸ್, ದ ಕ್ಯೂರ್, ಲೀಡ್ಸ್ ನಗರದ ದ ಸಿಸ್ಟರ್ಸ್ ಆಫ್ ಮರ್ಸಿ ಇವರೆಲ್ಲ ಆ ಕಾಲದವರು. 1982ರಲ್ಲಿ ಲಂಡನ್ನಿನ ಸೋಹೋದಲ್ಲಿ ತೆರೆದ ಬ್ಯಾಟ್‌ಕೇವ್ ಎಂಬ ಕ್ಲಬ್ಬು ಅವರ ಅಡ್ಡಾ.

ಕಪ್ಪಿನ ಬೇರು ಇನ್ನೂ ಹಿಂದಿದೆ. 1861ರಲ್ಲಿ ಗಂಡ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಸಾಯುವತನಕ ಕಪ್ಪನ್ನೇ ತೊಟ್ಟಳು. ಇಡೀ ದೇಶಕ್ಕೆ ಶೋಕದ ಉಡುಪಿನ ಗೀಳು ಹತ್ತಿತು. ವಿಟ್ಬಿ ಊರಿನ ಬಂಡೆಗಳಲ್ಲಿ ಸಿಗುವ ಜೆಟ್ ಎಂಬ ಕರೀ ಹೊಳಪಿನ ವಸ್ತುವಿನಿಂದ ಓಲೆ, ಸರ ಮಾಡಿ ಮಾರಿದರು. ಅದು ಕಲ್ಲಲ್ಲ, ಕೋಟ್ಯಂತರ ವರ್ಷ ಹೂತು ಗಟ್ಟಿಯಾದ ಮರ. ಗಾಥ್‌ಗಳು ಈಗಲೂ ಅದನ್ನು ಆಸೆಪಟ್ಟು ಕೊಳ್ಳುತ್ತಾರೆ.

ಅವ್ರು ಸೈತಾನನ ಪೂಜೆ ಮಾಡ್ತಾರಂತೆ, ನಿಜಾನಾ?

ಇಲ್ಲ. ನಾನು ಭೇಟಿಯಾದ ಗಾಥ್‌ಗಳಲ್ಲಿ ಹೆಚ್ಚಿನವರು ಗ್ರಂಥಪಾಲಕರು, ನರ್ಸುಗಳು, ಕಂಪ್ಯೂಟರಿನವರು, ವಿಪರೀತ ಸೌಮ್ಯ ಜನ. ಅಪಾಯ ಅವರಿಂದಲ್ಲ, ಅವರಿಗೆ. 2007ರ ಆಗಸ್ಟಿನಲ್ಲಿ ಲ್ಯಾಂಕಾಷೈರಿನ ಬೇಕಪ್ ಊರಿನ ಪಾರ್ಕಿನಲ್ಲಿ ಸೋಫಿ ಲ್ಯಾಂಕಾಸ್ಟರ್ ಎಂಬ 20 ವರ್ಷದ ಹುಡುಗಿಯನ್ನು ಹುಡುಗರ ಗುಂಪು ಹೊಡೆದು ಕೊಂದಿತು. ಅವಳು ಗಾಥ್ ಉಡುಪಿನಲ್ಲಿದ್ದಳು ಎನ್ನುವುದನ್ನು ಬಿಟ್ಟರೆ ಬೇರೆ ಕಾರಣವಿರಲಿಲ್ಲ. 2013ರಿಂದ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಇಂಥ ಪಂಗಡದವರ ಮೇಲಿನ ಹಲ್ಲೆಯನ್ನೂ ದ್ವೇಷಾಪರಾಧ ಎಂದು ದಾಖಲಿಸತೊಡಗಿದರು.

ನಮ್ಮ ಸೆಕೆಗೆ ಆ ವೇಷ ಆಗುತ್ತಾ? ಜನ ಏನಂತಾರೆ?

ವೆಲ್ವೆಟ್ ಕೋಟನ್ನು ಮಂಗಳೂರಿನ ಮೇ ತಿಂಗಳಲ್ಲಿ ಹಾಕಿದರೆ ನೀವೇ ದೆವ್ವವಾಗುತ್ತೀರಿ. ಹತ್ತಿ ಬಟ್ಟೆ, ಬೆಳ್ಳಿ ಉಂಗುರ, ಕಾಡಿಗೆ ಸಾಕು. ಕಾಡಿಗೆ ವಿಷಯದಲ್ಲಿ ನಮ್ಮ ಅಜ್ಜಿಯರು ಲಂಡನ್ನಿಗಿಂತ ಮುಂದಿದ್ದರು. ಜನರ ಮಾತಿಗೆ ಬಂದರೆ, ಡಿಸೆಂಬರ್ ಜನವರಿಯಲ್ಲಿ ಚಿಂತೆಯೇ ಇಲ್ಲ: ಊರು ತುಂಬ ಮಾಲೆ ಹಾಕಿದ ಅಯ್ಯಪ್ಪ ಸ್ವಾಮಿಗಳು ಕಪ್ಪಿನಲ್ಲೇ ಇರುತ್ತಾರೆ, ನಿಮಗೂ 'ಸ್ವಾಮಿ' ಎಂದು ದಾರಿ ಬಿಡುತ್ತಾರೆ. ಉತ್ತರ ಕರ್ನಾಟಕದಲ್ಲಾದರೆ ಕರೀ ಚಂದ್ರಕಾಳಿ ಸೀರೆ ಶುಭಕ್ಕೇ ಉಡುವಂಥದ್ದು. ಕಪ್ಪು ಅಂದರೆ ಅಪಶಕುನ ಅನ್ನುವವರಿಗೆ ಇದನ್ನು ನೆನಪಿಸಿ.

ವಿಟ್ಬಿಗೆ ಹೋಗ್ಬೇಕು ಅಂತಿದೀನಿ. ನೋಡೋಕೆ ಏನಿದೆ?

ನನ್ನ ತಮ್ಮ ಆ ಕಡೆ ಕೆಲಸದಲ್ಲಿದ್ದಾಗ ಹೋಗಿದ್ದೆ. ಯಾರ್ಕ್‌ಷೈರ್ ಕಡಲತೀರದ ಸಣ್ಣ ಮೀನುಗಾರರ ಊರು. ಸ್ಟೋಕರ್ 1890ರ ಬೇಸಿಗೆಯಲ್ಲಿ ಇಲ್ಲಿ ಉಳಿದಿದ್ದ, 'ಡ್ರಾಕುಲಾ' ಎಂಬ ಹೆಸರು ಅವನ ಕಣ್ಣಿಗೆ ಬಿದ್ದದ್ದು ಇಲ್ಲಿನ ಗ್ರಂಥಾಲಯದ ಒಂದು ಹಳೇ ಪುಸ್ತಕದಲ್ಲಿ. ಐದು ವರ್ಷ ಹಿಂದೆ, 1885ರಲ್ಲಿ, ದ್ಮಿತ್ರಿ ಎಂಬ ರಷ್ಯನ್ ಹಡಗು ಇಲ್ಲಿ ದಡಕ್ಕೆ ಬಡಿದಿತ್ತು. ಕಾದಂಬರಿಯಲ್ಲಿ ಅದೇ ಡಿಮೀಟರ್ ಆಗಿ, ಸತ್ತ ನಾವಿಕನನ್ನು ಚುಕ್ಕಾಣಿಗೆ ಕಟ್ಟಿಕೊಂಡು ಬರುತ್ತದೆ. 199 ಮೆಟ್ಟಿಲು ಹತ್ತಿದರೆ ಸೇಂಟ್ ಮೇರಿ ಚರ್ಚು, ಉಪ್ಪುಗಾಳಿಗೆ ಸವೆದ ಗೋರಿಗಳು, ಹಿಂದೆ ಮಠದ ಪಾಳು. ಡ್ರಾಕುಲಾನ ಗೋರಿ ಎಲ್ಲಿ ಎಂದು ಯಾರನ್ನೂ ಕೇಳಬೇಡಿ. 1994ರಿಂದ ಗಾಥ್‌ಗಳ ಜಾತ್ರೆ ಇಲ್ಲಿ ನಡೆಯುತ್ತಿದೆ. ಇದಕ್ಕಿಂತ ದೊಡ್ಡದು ಬೇಕೆಂದರೆ ಜರ್ಮನಿಯ ಲೈಪ್‌ಜಿಗ್‌ನದು, 1992ರಲ್ಲಿ ಶುರುವಾದದ್ದು.

## ಒಳಮನೆಗೆ

ಕೊನೆಗೂ ದೆವ್ವ ಇತ್ತಾ ಇಲ್ವಾ ಅಂತ ಹೇಳ್ದೇ ಮುಗಿಸೋದು ಓದೋರಿಗೆ ಮೋಸ ಅಲ್ವಾ?

ಕೆಟ್ಟ ಲೇಖಕನ ಕೈಯಲ್ಲಿ ಮೋಸ. ರ‍್ಯಾಡ್‌ಕ್ಲಿಫ್ ಹೇಳಿಯೇ ಮುಗಿಸುತ್ತಿದ್ದಳು: ಆ ನೆರಳು ಇಂಥವನದು, ಆ ಸದ್ದು ಇಲ್ಲಿಂದ ಬಂತು ಎಂದು ಕೊನೆಗೆ ಲೆಕ್ಕ ಒಪ್ಪಿಸುತ್ತಾಳೆ, ನನಗೆ ಅದೇ ಸಪ್ಪೆ ಅನ್ನಿಸುತ್ತದೆ. ಹೆನ್ರಿ ಜೇಮ್ಸ್ 1898ರ 'ದಿ ಟರ್ನ್ ಆಫ್ ದ ಸ್ಕ್ರೂ'ದಲ್ಲಿ ಎರಡೂ ಓದಿಗೆ ಸಮನಾದ ಸಾಕ್ಷಿ ಇಟ್ಟ. ಮಕ್ಕಳನ್ನು ನೋಡಿಕೊಳ್ಳಲು ಬಂದ ಯುವತಿಗೆ ಸತ್ತವರು ಕಾಣುತ್ತಾರೆ, ಅಥವಾ ಅವಳ ಮನಸ್ಸು ಕೆಟ್ಟಿದೆ. 1934ರಲ್ಲಿ ಎಡ್ಮಂಡ್ ವಿಲ್ಸನ್ ಎಂಬ ವಿಮರ್ಶಕ ಎರಡನೆಯದನ್ನು ಗಟ್ಟಿಯಾಗಿ ವಾದಿಸಿದಂದಿನಿಂದ ಜಗಳ ನಿಂತಿಲ್ಲ. ಒಂದು ಸಲ ಅವಳನ್ನು ನಂಬಿ, ಇನ್ನೊಂದು ಸಲ ನಂಬದೆ ಓದಿ. ಎರಡನೇ ಸಲ ಹೆಚ್ಚು ಹೆದರಿಕೆಯಾಗುತ್ತದೆ, ಯಾಕೆಂದರೆ ಮಕ್ಕಳು ಅವಳ ಕೈಯಲ್ಲಿದ್ದಾರೆ.

ಈ ಕಥೆಗಳಲ್ಲಿ ಯಾವಾಗ್ಲೂ ಹೆಂಗಸರೇ ಬಂಗಲೆಯಲ್ಲಿ ಸಿಕ್ಕಿಹಾಕ್ಕೊಳ್ಳೋದು ಯಾಕೆ?

ಯಾಕೆಂದರೆ ಬಂಗಲೆ ಅವರ ಹೆಸರಿನಲ್ಲಿ ಇರಲಿಲ್ಲ. 1882ರ ಕಾಯ್ದೆ ಬರುವತನಕ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಆಸ್ತಿ ಬಹುಮಟ್ಟಿಗೆ ಗಂಡನ ಕೈಗೆ ಹೋಗುತ್ತಿತ್ತು. ಹಾಗಿರುವಾಗ 'ಅಪರಿಚಿತ ಗಂಡಸಿನ ದೊಡ್ಡ ಮನೆ, ಬೀಗ ಹಾಕಿದ ಕೋಣೆ' ಎನ್ನುವುದು ಕಟ್ಟುಕಥೆಯಲ್ಲ, ಮದುವೆಯ ವರ್ಣನೆ. ರ‍್ಯಾಡ್‌ಕ್ಲಿಫ್‌ಳ 1794ರ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ'ದಲ್ಲಿ ಖಳನಾಯಕನಿಗೆ ಬೇಕಾದದ್ದು ಹುಡುಗಿಗಿಂತ ಹೆಚ್ಚಾಗಿ ಆಸ್ತಿಪತ್ರಕ್ಕೆ ಸಹಿ. ಈ ಪರಂಪರೆಗೆ 'ಹೆಣ್ಣಿನ ಗಾಥಿಕ್' ಎಂದು ಹೆಸರಿಟ್ಟವರು ಎಲೆನ್ ಮೋರ್ಸ್, 1976ರಲ್ಲಿ.

ಶಾರ್ಲೆಟ್ ಬ್ರಾಂಟೆಯ 'ಜೇನ್ ಏರ್' ಅದರ ತುತ್ತತುದಿ. ಗಂಡನೇ ಮೂರನೇ ಅಂತಸ್ತಿನಲ್ಲಿ ಕೂಡಿಹಾಕಿದ ಹೆಂಡತಿ ಬರ್ಥಾಳನ್ನು 1847ರ ಓದುಗರು ಹುಚ್ಚಿ ಎಂದರು. ಅವಳು ಜಮೈಕಾದಿಂದ ತಂದ 30,000 ಪೌಂಡು ವರದಕ್ಷಿಣೆ ಮಾತ್ರ ಕೆಳಗಿನ ಅಂತಸ್ತಿನಲ್ಲಿ ಸುಖವಾಗಿತ್ತು. 1966ರಲ್ಲಿ ಕೆರಿಬಿಯನ್ ದ್ವೀಪದವಳೇ ಆದ ಜೀನ್ ರೀಸ್ 'ವೈಡ್ ಸಾರ್ಗಾಸೊ ಸೀ' ಬರೆದು ಆ ಕೋಣೆಯ ಬಾಗಿಲನ್ನು ಒಳಗಿನಿಂದ ತೆರೆದಳು.

ಇದನ್ನು ಓದುವಾಗ ನನಗೆ ನಮ್ಮ ಕಡೆಯ ದೊಡ್ಡ ಮನೆಗಳ ಹಿಂದಿನ ಕೋಣೆ ನೆನಪಾಗುತ್ತದೆ. 'ಅಲ್ಲಿ ಅತ್ತೆ ಇದ್ದಾಳೆ, ಹೋಗಬೇಡ' ಎನ್ನುತ್ತಿದ್ದರು. ಆ ಅತ್ತೆಯನ್ನು ನಾವು ಮಕ್ಕಳು ದೆವ್ವ ಎಂದೇ ತಿಳಿದಿದ್ದೆವು. ಅವಳ ಹೆಸರೇನೆಂದು ನಾನು ಕೇಳಿದ್ದು ಅವಳು ಹೋದ ಮೇಲೆ.

ಇದೆಲ್ಲ ಇಂಗ್ಲಿಷರ ಕಥೆ. ನಮಗೂ ಇದಕ್ಕೂ ಏನು ಸಂಬಂಧ?

ಶ್ರೀರಂಗಪಟ್ಟಣ. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ 'ದಿ ಮೂನ್‌ಸ್ಟೋನ್' ಪತ್ತೇದಾರಿ ಕಾದಂಬರಿಗಳ ಪೂರ್ವಜ ಎಂದು ಹೆಸರಾಗಿದೆ, ಆದರೆ ಅದರ ಬೆನ್ನೆಲುಬು ಗಾಥಿಕ್. ಶುರುವಾಗುವುದೇ 1799ರ ಮೇ 4ರಂದು ಬಿದ್ದ ನಮ್ಮ ಕೋಟೆಯಲ್ಲಿ. ಟಿಪ್ಪುವಿನ ಆಯುಧಶಾಲೆಯಲ್ಲಿ ಕಠಾರಿಯ ಹಿಡಿಗೆ ಕೂರಿಸಿದ್ದ ಹಳದಿ ವಜ್ರವೊಂದನ್ನು ಇಂಗ್ಲಿಷ್ ಅಧಿಕಾರಿಯೊಬ್ಬ ಕೊಲೆ ಮಾಡಿ ಲೂಟಿ ಹೊಡೆಯುತ್ತಾನೆ. ಅದು ಮೊದಲಿಗೆ ಚಂದ್ರದೇವನ ವಿಗ್ರಹದ ಹಣೆಯಲ್ಲಿದ್ದದ್ದು. ಐವತ್ತು ವರ್ಷ ಕಳೆದು ಯಾರ್ಕ್‌ಷೈರಿನ ಹೂದೋಟದ ಮನೆಯಲ್ಲಿ, ಹುಡುಗಿಯ ಹುಟ್ಟುಹಬ್ಬದ ಉಡುಗೊರೆಯಾಗಿ ಬರುತ್ತದೆ, ಅದೇ ರಾತ್ರಿ ಕಾಣೆಯಾಗುತ್ತದೆ. ಅದನ್ನು ಹಿಂಬಾಲಿಸಿ ಮೂವರು ಬ್ರಾಹ್ಮಣರು ವೇಷ ಮರೆಸಿಕೊಂಡು ತೋಟದಲ್ಲಿ ಸುಳಿದಾಡುತ್ತಾರೆ. ಆ ಕಾಲದ ಓದುಗರಿಗೆ ದೆವ್ವದ ಜಾಗದಲ್ಲಿ ಕಂಡವರು ಆ ಮೂವರು. ನಾನು ಓದುವಾಗ ವಜ್ರ ಯಾರದು ಎನ್ನುವುದೊಂದೇ ಪ್ರಶ್ನೆ, ಹಾಗಾಗಿ ನನಗೆ ಅವರು ವಸೂಲಿಗೆ ಬಂದವರು.

ವಜ್ರ ಕಲ್ಪನೆ. ಲೂಟಿ ಕಲ್ಪನೆಯಲ್ಲ. ಆ ದಿನ ಹೋದ ಟಿಪ್ಪುವಿನ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗಿದೆ. ಮರದ ಹುಲಿ, ಕೆಳಗೆ ಬಿಳಿಯ ಸಿಪಾಯಿ. ಹಿಡಿಕೆ ತಿರುಗಿಸಿದರೆ ಹುಲಿ ಗುರ್ ಎನ್ನುವಂತೆ, ಸಿಪಾಯಿ ನರಳುವಂತೆ ಒಳಗೆ ತಿದಿಗಳಿವೆ. ನಾನು ಕಂಡ ಎಲ್ಲ ಗಾಥಿಕ್ ವಸ್ತುಗಳಲ್ಲಿ ಅದಕ್ಕೇ ಮೊದಲ ಮಣೆ.

ಲವ್‌ಕ್ರಾಫ್ಟ್ ಜನಾಂಗದ್ವೇಷಿ ಅಂತೆ. ಓದಬಹುದಾ?

ಅಂತೆ ಅಲ್ಲ, ಹೌದು. ಅಮೆರಿಕದ ಈ ಭಯದ ಕಥೆಗಾರನ ಪತ್ರಗಳಲ್ಲಿ, ಕೆಲವು ಕಥೆಗಳಲ್ಲಿ ಅದು ಮುಚ್ಚುಮರೆಯಿಲ್ಲದೆ ಇದೆ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯಾಗಿ ಕೊಡುತ್ತಿದ್ದ ಅವನ ಮುಖದ ಪುತ್ಥಳಿಯನ್ನು 2015ರಲ್ಲಿ ಕೈಬಿಟ್ಟರು, ಸರಿಯಾಗೇ ಮಾಡಿದರು. ಓದಬೇಡಿ ಎನ್ನುವುದಿಲ್ಲ. ಅವನ ಹೆದರಿಕೆಯ ಬುಡದಲ್ಲಿ 'ಪರಕೀಯರು ಬಂದುಬಿಟ್ಟರು' ಎಂಬ ದಿಗಿಲಿದೆ ಎಂದು ಗೊತ್ತಿದ್ದು ಓದಿ. ಜೊತೆಗೆ ಕಪ್ಪು ಲೇಖಕ ವಿಕ್ಟರ್ ಲವಾಲ್ 2016ರಲ್ಲಿ ಬರೆದ 'ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್' ಇಟ್ಟುಕೊಳ್ಳಿ, ಲವ್‌ಕ್ರಾಫ್ಟನ ಅತಿ ಕೆಟ್ಟ ಕಥೆಯೊಂದನ್ನು ಅದು ತಲೆಕೆಳಗು ಮಾಡುತ್ತದೆ.

ನಾನೂ ಒಂದು ಬರೀಬೇಕು ಅಂತಿದೀನಿ. ಏನಾದ್ರೂ ಹೇಳ್ತೀರಾ?

ಅಮಾವಾಸ್ಯೆ, ಬಿಳಿ ಸೀರೆ, ಗೆಜ್ಜೆ ಸದ್ದು, ಹುಣಸೇಮರ ಇವನ್ನು ಮೊದಲ ದಿನವೇ ಹೊರಗಿಡಿ. ಮನೆ ಕಟ್ಟಿ. ಯಾರು ಕಟ್ಟಿಸಿದ್ದು, ಯಾರ ದುಡ್ಡು, ಪಾಲಾದಾಗ ಯಾರಿಗೆ ಅನ್ಯಾಯವಾಯಿತು, ಯಾವ ಕೋಣೆಗೆ ಬೀಗ, ಕೀಲಿ ಯಾರ ಸೊಂಟದಲ್ಲಿ ಇದು ನಿಮಗೆ ಗೊತ್ತಿರಲಿ. ಕೋರ್ಟಿನಲ್ಲಿ ಮೂವತ್ತು ವರ್ಷದಿಂದ ಕೂತ ಪಾಲಿನ ದಾವೆ ಇದ್ದರೆ ದೆವ್ವಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಕೇಂಬ್ರಿಜ್‌ನ ವಿದ್ವಾಂಸ ಎಂ. ಆರ್. ಜೇಮ್ಸ್ ಕ್ರಿಸ್‌ಮಸ್ ಹಿಂದಿನ ರಾತ್ರಿ ಗೆಳೆಯರಿಗೆ ಓದಿ ಹೇಳಲೆಂದೇ ಕಥೆ ಬರೆಯುತ್ತಿದ್ದ. ಅವನ ದಾರಿ ಸರಳ: ಎಲ್ಲರೂ ತಮ್ಮ ಪಾಡಿಗೆ ತಾವು ಇರುವ ಸಾಮಾನ್ಯ ಜಾಗ, ಅಲ್ಲಿಗೆ ಕೆಡುಕು ತಲೆ ಹಾಕುವುದು ನಿಧಾನವಾಗಿ, ದೆವ್ವ ಕಾಣುವುದು ತೀರಾ ಸ್ವಲ್ಪ ಹೊತ್ತು. ಬರೆದದ್ದನ್ನು ಕರೆಂಟು ಹೋದಾಗ ಮನೆಯವರಿಗೆ ಗಟ್ಟಿಯಾಗಿ ಓದಿ. ಯಾರಾದರೂ ಎದ್ದು ಮೊಬೈಲಿನ ಟಾರ್ಚ್ ಹಾಕಿದರೆ ಆ ಪುಟ ಉಳಿಸಿಕೊಳ್ಳಿ.

ಇಷ್ಟೆಲ್ಲ ಓದಿದೀರಲ್ಲ, ನಿಮ್ಮನ್ನು ನಿಜವಾಗಿ ಹೆದರಿಸಿದ್ದು ಯಾವುದು?

ಅದೇ ಎಂ. ಆರ್. ಜೇಮ್ಸನ 1904ರ ಸಂಕಲನದಲ್ಲಿರುವ ಸೀಟಿಯ ಕಥೆ. ಕಡಲತೀರದ ವಸತಿಗೃಹದಲ್ಲಿ ಇಳಿದುಕೊಂಡ ಪ್ರೊಫೆಸರನಿಗೆ ಪಾಳುಕಟ್ಟಡದಲ್ಲಿ ಒಂದು ಹಳೇ ಸೀಟಿ ಸಿಗುತ್ತದೆ. ಕುತೂಹಲಕ್ಕೆ ಊದುತ್ತಾನೆ. ಅವನ ಕೋಣೆಯಲ್ಲಿ ಎರಡು ಮಂಚ, ಮಲಗುವವನು ಅವನೊಬ್ಬನೇ. ಖಾಲಿ ಮಂಚದ ಹೊದಿಕೆ ಬೆಳಿಗ್ಗೆ ಯಾರೋ ಮಲಗಿದ್ದ ಹಾಗೆ ಮುದುಡಿರುತ್ತದೆ. ಮುಂದಿನದನ್ನು ಹೇಳುವುದಿಲ್ಲ.

ಕೆಲಸದ ಮೇಲೆ ಪರವೂರಿಗೆ ಹೋದಾಗ ಲಾಡ್ಜಿನವರು ಒಂಟಿ ಮಂಚದ ರೂಮು ಇಲ್ಲ, ಎರಡು ಮಂಚದ್ದೇ ಇರುವುದು ಎನ್ನುತ್ತಾರೆ. ಬ್ಯಾಗನ್ನು, ಬಟ್ಟೆಯನ್ನು, ನೀರಿನ ಬಾಟಲಿಯನ್ನು, ಸಿಕ್ಕಿದ್ದನ್ನೆಲ್ಲ ಆ ಇನ್ನೊಂದು ಮಂಚದ ಮೇಲೆ ಹರಡಿ, ಜಾಗವೇ ಇಲ್ಲದ ಹಾಗೆ ಮಾಡಿ ಮಲಗುತ್ತೇನೆ.